ಬೆರಕೆ ಸೊಪ್ಪಿಗೂ ಸದಸ್ಯತ್ವ ಬೇಕೆ?

ಇಲವಾಲದ ನಮ್ಮ ಬಡಾವಣೆಯಲ್ಲಿ ಒಂದು ತರಕಾರಿ ತೋಟವಿದೆ. ಅದು ಯಾರೊಬ್ಬರ ಮನೆಯದೂ ಅಲ್ಲ, ಎಲ್ಲರದು. ಕನಿಷ್ಠ ಅದರ ಗೇಟಿನ ಮೇಲೆ ಹಾಗೆ ಬರೆದಿದೆ. ಮೂಲೆಯ ಖಾಲಿ ಜಾಗಕ್ಕೆ ತಂತಿಬೇಲಿ ಹಾಕಿ, ಇಪ್ಪತ್ತನಾಲ್ಕು ಪಾತಿಗಳಾಗಿ ಹಂಚಿ, ಪ್ರತಿ ಪಾತಿಯ ತಲೆಗೂ ಒಂದು ಸುಣ್ಣ ಬಳಿದ ಕಲ್ಲು ನೆಟ್ಟು ಸಂಖ್ಯೆ ಬರೆದಿದ್ದಾರೆ. ಕಳೆದ ಯುಗಾದಿಯ ಮರುವಾರ ನಾನು ಹದಿನೇಳನೆಯ ಪಾತಿಗೆ ಒಡತಿಯಾದೆ. ಒಡತಿ ಎಂದು ಬರೆದದ್ದು ತಪ್ಪಾಯಿತು. ರಸೀದಿಯಲ್ಲಿರುವುದು ನಮ್ಮ ಯಜಮಾನರ ಹೆಸರು. ಸದಸ್ಯತ್ವದ ಅರ್ಜಿಯ ಮೊದಲನೆಯ ಸಾಲೇ 'ಮನೆ ಮಾಲೀಕರ ಹೆಸರು' ಎಂದು. ಮನೆಯ ಸಾಲದ ಕಂತಿನಲ್ಲಿ ಅರ್ಧ ನನ್ನ ಸಂಬಳದಿಂದಲೇ ಹೋಗಿದ್ದರೂ ಖಾತೆ ಇರುವುದು ಅವರ ಹೆಸರಿನಲ್ಲಿ. ಪಾಪ, ಅವರಿಗೆ ಕೊತ್ತಂಬರಿಗೂ ಸಬ್ಬಸಿಗೆಗೂ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿಲ್ಲವೆಂದು ನಾಚಿಕೆಯೂ ಇಲ್ಲ. ಆದರೂ ದಾಖಲೆಯಲ್ಲಿ ತೋಟಗಾರರು ಅವರು. ನಾನು ಅವರ 'ಪರವಾಗಿ' ಮಣ್ಣು ಕೆದಕುವವಳು.

ಇದು ಜಗಳದ ಲೇಖನವೆಂದು ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ಜಗಳವಾಡಬೇಡಿ ಎಂದು ಗದರಿಸಿ ಬಂದವಳು ನಾನು. ಈ ವಯಸ್ಸಿನಲ್ಲಿ ನೆರೆಹೊರೆಯವರ ಮೇಲೆ ಬರೆಯಲು ಕೂತಿರುವುದು ನನಗೇನೂ ಹಿತವಾಗಿಲ್ಲ. ಆದರೆ ಹೇಳದಿದ್ದರೆ ಇನ್ನೂ ಅಹಿತ.

ಮೊದಲು ನನ್ನ ದಡ್ಡತನದ ಕಥೆ. ಸದಸ್ಯಳಾದ ಹೊಸತರಲ್ಲಿ ನನಗೊಂದು ಧೈರ್ಯವಿತ್ತು: ನಾನು ಹಳ್ಳಿಯಲ್ಲಿ ಹುಟ್ಟಿದವಳು, ನಮ್ಮ ಅಜ್ಜಿಯ ಹಿತ್ತಲಲ್ಲಿ ಆಡಿ ಬೆಳೆದವಳು, ನನಗೆ ಯಾರು ಏನು ಕಲಿಸಬೇಕು ಎಂದು. ಹಿತ್ತಲಲ್ಲಿ ಆಡುವುದು ಬೇರೆ, ಹಿತ್ತಲು ಮಾಡುವುದು ಬೇರೆ ಎಂಬುದು ಮೊದಲ ಭಾನುವಾರವೇ ತಿಳಿಯಿತು. ಹತ್ತಡಿ ಉದ್ದ ಆರಡಿ ಅಗಲದ ಆ ತುಂಡು ನೆಲದಲ್ಲಿ ಗುದ್ದಲಿ ಹಾಕಿದರೆ ಠಣ್ಣೆಂದಿತು. ಬಡಾವಣೆ ಮಾಡುವಾಗ ಯಂತ್ರ ತಂದು ನೆಲ ಸಮ ಮಾಡಿದ್ದರಲ್ಲ, ಮೇಲಿನ ಒಳ್ಳೆಯ ಕೆಂಪುಮಣ್ಣು ಎಲ್ಲಿಗೋ ಹೋಗಿ, ಉಳಿದದ್ದು ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ, ಒಂದು ತುಂಡು ಪೈಪು. ಮೂರು ಭಾನುವಾರ ಆರಿಸಿದೆ. ಆಮೇಲೆ ಧನಿಯ ತಂದು ಡಬ್ಬಿಯಿಂದ ಹಾಗೇ ಚೆಲ್ಲಿದೆ, ಗೇಣುದ್ದ ಮಣ್ಣು ಮುಚ್ಚಿದೆ, ಮಧ್ಯಾಹ್ನ ಹನ್ನೆರಡು ಗಂಟೆಗೆ ಪೈಪಿನಲ್ಲಿ ನೀರು ಬಿಟ್ಟೆ. ದಂಟಿನ ಬೀಜವನ್ನು ಇರುವೆಗಳು ಸಾಲುಗಟ್ಟಿ ಹೊತ್ತುಕೊಂಡು ಹೋದವು. ನಾನು ನಿಂತು ನೋಡಿದೆ. ಹದಿನೈದು ದಿನ ಕಳೆದರೂ ನನ್ನ ಪಾತಿಯಲ್ಲಿ ಎದ್ದದ್ದು ನಾನು ಹಾಕದೇ ಇದ್ದ ಗಿಡಗಳು ಮಾತ್ರ. ಅವನ್ನು ಕಳೆಯೆಂದು ಕಿತ್ತು ಬೇಲಿಯಾಚೆ ಎಸೆದೆ.

ಎಸೆದದ್ದು ಸರಿಯಾಗಿ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಯ ಕಾಲ ಬಳಿ ಬಿತ್ತು. ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಕೆ ಇದೇ ಬೀದಿಯಲ್ಲಿ ಇನ್ನೂ ಮೂರು ಮನೆಗಳಲ್ಲಿ ಕೆಲಸ ಮಾಡಬೇಕಾದವರು. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವರು, ನಾನು ಅಕ್ಕ ಅನ್ನುತ್ತೇನೆ, ಅವರು ನನ್ನನ್ನು ಮೇಡಮ್ಮ ಅನ್ನುತ್ತಾರೆ. ಬಗ್ಗಿ ಆ ಕಟ್ಟನ್ನು ಎತ್ತಿಕೊಂಡು ಕೇಳಿದರು: "ಇದ್ಯಾಕ್ ಕಿತ್ತಾಕುದ್ರಿ ಮೇಡಮ್ಮ? ಅಣ್ಣೆ ಸೊಪ್ಪು ಅಲ್ವಾ ಇದು. ನೋಡಿ, ಗೋಣಿ ಸೊಪ್ಪೂ ಅದೆ, ಎಳೇದು."

ಅವತ್ತು ಸಂಜೆ ಆಕೆ ಬೇಲಿಯೊಳಗೆ ಬಂದು ಕುಕ್ಕರಗಾಲಲ್ಲಿ ಕೂತರು. ಅರ್ಧ ಗಂಟೆಯಲ್ಲಿ ನಾನು ಕಲಿತದ್ದು ಬಿ.ಎಡ್. ಓದಿದ ಇಡೀ ವರ್ಷದಲ್ಲಿ ಕಲಿತದ್ದಕ್ಕಿಂತ ಹೆಚ್ಚು. (ಆ ಕಾಲೇಜಿನ ನನ್ನ ಗುರುಗಳು ಕ್ಷಮಿಸಬೇಕು.) ಧನಿಯವನ್ನು ಇಡಿಯಾಗಿ ಹಾಕಬಾರದು, ಚಪ್ಪಡಿಯ ಮೇಲೆ ಹಾಕಿ ಚಪ್ಪಲಿ ಕಾಲಲ್ಲಿ ಮೆಲ್ಲಗೆ ಉಜ್ಜಿ ಎರಡು ಬೇಳೆ ಮಾಡಬೇಕು. ದಂಟಿನ ಬೀಜ, ಕೀರೆ ಬೀಜ ಸಾಸಿವೆಗಿಂತಲೂ ಸಣ್ಣದು. ಮರಳಿನ ಜೊತೆ ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಪ್ಪೆ ಬೀಳುವುದಿಲ್ಲ. ಪಾತಿಯ ಸುತ್ತ ಒಂದು ಹಿಡಿ ಅಕ್ಕಿ ನುಚ್ಚು ಚೆಲ್ಲಿಬಿಟ್ಟರೆ ಇರುವೆ ನುಚ್ಚು ಹೊರುವ ಕೆಲಸದಲ್ಲಿ ಬೀಜವನ್ನು ಮರೆಯುತ್ತದೆ. "ಅವಕ್ಕೂ ಹೊಟ್ಟೆ ಅದಲ್ಲ, ಏನಾರ ಕೊಡ್ಬೇಕು" ಎಂದರು. ಬೀಜ ಎಷ್ಟು ದಪ್ಪವೋ ಮೇಲೆ ಅಷ್ಟೇ ಮಣ್ಣು. ಮೇಲೆ ತೆಳ್ಳಗೆ ಒಣಹುಲ್ಲು. ನೀರು ಬೆಳಿಗ್ಗೆ ಇಲ್ಲವೇ ಸಂಜೆ, ಅದೂ ಕೈಯಲ್ಲಿ ಚಿಮುಕಿಸಬೇಕು. ಮೆಂತ್ಯ ನಾಲ್ಕೈದು ದಿನಕ್ಕೆ ತಲೆಯೆತ್ತುತ್ತದೆ, ತಿಂಗಳೊಳಗೆ ಕೀಳಬಹುದು. ಹೊಸಬರು ಮೆಂತ್ಯದಿಂದ ಶುರುಮಾಡಬೇಕು, ಅದು ಬೇಸರ ಮಾಡಿಸುವುದಿಲ್ಲ. ಕೊತ್ತಂಬರಿ ಹತ್ತು ದಿನ ಕಾಯಿಸುತ್ತದೆ, ಅಲ್ಲಿಯವರೆಗೆ ಕೆದಕಿ ನೋಡಬಾರದು.

ನಾನು ಕೆದಕಿ ನೋಡುತ್ತಿದ್ದೆ.

ಅವರಿಗೆ ಪ್ರತಿಫಲವಾಗಿ ಬೇಕಾಗಿದ್ದದ್ದು ಒಂದೇ: ಪಾತಿಗಳ ನಡುವಿನ ಕಾಲುದಾರಿಯಲ್ಲಿ, ಬೇಲಿಯ ಬುಡದಲ್ಲಿ ತಾನಾಗಿ ಹುಟ್ಟುವ ಬೆರಕೆ ಸೊಪ್ಪು. ಮೈಸೂರು ಸೀಮೆಯವರಿಗೆ ಬೆರಕೆ ಸೊಪ್ಪೆಂದರೆ ವಿವರಿಸಬೇಕಾಗಿಲ್ಲ. ಅಣ್ಣೆ, ಗೋಣಿ, ಗಣಿಕೆ, ಕಿರಕಸಾಲೆ, ಹೊನಗೊನೆ, ಒಂದೆರಡು ದಂಟಿನ ಕುಡಿ. ಇಷ್ಟನ್ನೂ ಒಟ್ಟಿಗೆ ಬೇಯಿಸಿದರೆ ಉಪ್ಸಾರು, ಮಸೆದರೆ ಮಸ್ಸೊಪ್ಪು. ನಮ್ಮ ತೋಟದ ಸದಸ್ಯರೆಲ್ಲ ಅದನ್ನು ಪ್ರತಿ ಭಾನುವಾರ ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತಾರೆ. ನಂತರ ದೇವರಾಜ ಮಾರುಕಟ್ಟೆಗೆ ಹೋದಾಗ ಅದನ್ನೇ ಕಟ್ಟಿಗಿಷ್ಟು ಎಂದು ಕೊಟ್ಟು ತರುತ್ತಾರೆ.

ಆಷಾಢದ ಒಂದು ಬೆಳಿಗ್ಗೆ ನಾನು ಶಾಲೆಗೆ ಬೇಗ ಹೊರಟಿದ್ದೆ. ಅಕ್ಕ ಒಬ್ಬರೇ ಒಳಗೆ ಹೋಗಿ ಮಡಿಲಿಗೆ ಸೊಪ್ಪು ಕಿತ್ತು ತುಂಬಿಕೊಂಡಿದ್ದರು. ಸಂಘದ ಹಿರಿಯರೊಬ್ಬರು ಬೆಳಗಿನ ವಾಕಿಂಗ್ ಮುಗಿಸಿ ಬರುತ್ತಿದ್ದವರು ಗೇಟಿನಲ್ಲಿ ತಡೆದರು. ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಫಲಕ ತೋರಿಸಿದರು. ಮಡಿಲು ಬಿಚ್ಚಿಸಿದರು. ಸೊಪ್ಪನ್ನು ಅಲ್ಲಿಯೇ ಸುರಿಸಿ ಕಳಿಸಿದರು. ಬೈಯಲಿಲ್ಲವಂತೆ, ಕೈ ಮಾಡಲಿಲ್ಲವಂತೆ. "ಮರ್ಯಾದೆಯಾಗೇ ಮಾತಾಡುದ್ರು" ಎಂದು ಅಕ್ಕನೇ ಹೇಳಿದರು, ನನ್ನ ಸಮಾಧಾನಕ್ಕೆ. ಅರವತ್ತು ದಾಟಿದ ಹೆಂಗಸಿನ ಮಡಿಲನ್ನು ನಡುಬೀದಿಯಲ್ಲಿ ಮರ್ಯಾದೆಯಾಗಿ ಬಿಚ್ಚಿಸುವುದು ಹೇಗೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾನು ಏನು ಮಾಡಿದೆ ಎಂದು ನೀವು ಕೇಳಬಹುದು. ಏನೂ ಮಾಡಲಿಲ್ಲ. "ನಾಳೆ ಮಾತಾಡ್ತೀನಕ್ಕಾ" ಎಂದೆ. ನಾಳೆ ಎಂಬುದು ಮೂರು ವಾರವಾಯಿತು. ಆ ಹಿರಿಯರ ಮೊಮ್ಮಗಳು ನನ್ನ ಶಿಷ್ಯೆ, ಅವರ ಶ್ರೀಮತಿ ವರಮಹಾಲಕ್ಷ್ಮಿಗೆ ಕರೆಯುವವರು, ಹೊಸ ಸದಸ್ಯಳಾಗಿ ಬಂದು ಮೊದಲ ವರ್ಷವೇ ಬಾಯಿ ಮಾಡುವುದೇ ಎಂಬ ಅಳುಕು. ಮಧ್ಯಮವರ್ಗದ ನಮ್ಮ ಹೆಂಗಸರ ಧೈರ್ಯವೆಲ್ಲ ಅರಿಶಿನ ಕುಂಕುಮದ ತಟ್ಟೆಯಂಚಿಗೆ ಬಂದು ನಿಂತುಬಿಡುತ್ತದೆ. ಆ ಮೂರು ವಾರವೂ ಅಕ್ಕ ಎಂದಿನಂತೆ ಆರೂವರೆಗೆ ಬಂದು ಪಾತ್ರೆ ತೊಳೆದು ಹೋದರು, ತೋಟದ ಮಾತೆತ್ತಲಿಲ್ಲ. ನನ್ನ ಪಾತಿಯ ಮೆಂತ್ಯ ಮಾತ್ರ ಸೊಗಸಾಗಿ ಬಂದಿತ್ತು. ಅದನ್ನು ಬಾಯಿಗಿಟ್ಟಾಗ ಗಂಟಲಿನಲ್ಲಿ ನಿಂತಿತು.

ಇಲ್ಲಿ ಅಕ್ಕನ ವಿಷಯ ಒಂದು ಮಾತು ಹೇಳಲೇಬೇಕು. ಈಗ ನಮ್ಮ ಮನೆಗಳಿರುವ ನೆಲ ಮೊದಲು ರಾಗಿ ಹೊಲ. ಅದರ ಒಂದು ಭಾಗ ಅಕ್ಕನ ತಂದೆಯದು. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುವುದು ಈ ಕಡೆಯ ಹಳೆಯ ಪದ್ಧತಿ: ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಅಲಸಂದೆ. ರಾಗಿ ಗಂಡಸರ ಲೆಕ್ಕ, ಅಕ್ಕಡಿ ಹೆಂಗಸರ ಲೆಕ್ಕ. ಮಳೆ ಕೈಕೊಟ್ಟು ರಾಗಿ ಹೋದರೂ ಅಕ್ಕಡಿಯಲ್ಲಿ ಏನಾದರೊಂದು ಉಳಿದು ಸಾರಿಗೆ ಆಗುತ್ತಿತ್ತು. ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಬೇವಿನ ಸೊಪ್ಪಿನ ಜೊತೆ ಮಡಕೆಯಲ್ಲಿಟ್ಟು ಮುಂದಿನ ಮಳೆಯವರೆಗೆ ಕಾಯುವವರೂ ಅವರೇ. ಅಕ್ಕ ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಈ ನೆಲದಲ್ಲಿ ಕಳೆ ತೆಗೆದವರು. 2003ರಲ್ಲಿ ಅಣ್ಣತಮ್ಮಂದಿರು ಹೊಲ ಮಾರಿದರು. ಅಕ್ಕನ ಪಾಲಿಗೆ ಒಂದು ಸೀರೆ, ಐದು ಸಾವಿರ ರೂಪಾಯಿ. ಕಾನೂನು ಏನು ಹೇಳುತ್ತಿತ್ತು? ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನು ಕಿತ್ತಿತು. ಅಷ್ಟರಲ್ಲಿ ಹೊಲ ಮಾರಿಯಾಗಿತ್ತು, ಕಲ್ಲು ನೆಟ್ಟಾಗಿತ್ತು.

ಅಕ್ಕನನ್ನು ನೋಡಿ ಮರುಗುವ ಹಕ್ಕೂ ನನಗಿಲ್ಲ. ನನ್ನ ಮದುವೆಯಾದದ್ದು 1996ರಲ್ಲಿ. ಕಾನೂನು ನನ್ನ ಪರವಾಗಿತ್ತು, ನಾನು ಓದಿದವಳೂ ಹೌದು. ಆದರೂ ಅಣ್ಣ ಬಿಡುಗಡೆ ಪತ್ರ ತಂದಾಗ, ನಮ್ಮಮ್ಮ ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡಾಗ, ಸಹಿ ಹಾಕಿ ತವರು ಉಳಿಸಿಕೊಂಡೆ. ಒಂದು ರೇಷ್ಮೆ ಸೀರೆ ಬಂತು. ಅದನ್ನು ಉಟ್ಟಾಗಲೆಲ್ಲ ಭಾರವೆನ್ನಿಸುತ್ತದೆ. ಜರಿ ಹೆಚ್ಚೆಂದು ಹೇಳಿಕೊಳ್ಳುತ್ತೇನೆ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಬಂದ ದೇವರಾಜ ಅರಸರು ಮುಖ್ಯಮಂತ್ರಿಯಾಗಿ ತಂದ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಎಷ್ಟೋ ಗೇಣಿದಾರರ ಬಾಳು ಬೆಳಗಿತು, ಅದನ್ನು ಸಣ್ಣದು ಎನ್ನಲಾರೆ. ಆದರೆ ಆ ಘೋಷಣೆಯನ್ನೇ ನೋಡಿ: ಉಳುವವನೇ ಹೊಲದೊಡೆಯ. ನೇಗಿಲು ಹಿಡಿಯುವವನು ಗಂಡಸು, ಸರಿ. ನಾಟಿ ಹಾಕುವವಳು, ಕಳೆ ಕೀಳುವವಳು, ಬೀಜ ಕಾಯುವವಳು ಯಾವುದರ ಒಡತಿ? ವ್ಯಾಕರಣದ ಮೇಡಂ ಆಗಿ ಕೇಳುತ್ತಿದ್ದೇನೆ.

ಕೊನೆಗೂ ಶ್ರಾವಣದ ಸಭೆಯಲ್ಲಿ ಬಾಯಿಬಿಟ್ಟೆ. ನಮ್ಮ ಇಪ್ಪತ್ತನಾಲ್ಕು ಪಾತಿಗಳಲ್ಲಿ ಒಂಬತ್ತು ಬರಿದಾಗಿ ಬಿದ್ದಿವೆ. ಹಣ ಕಟ್ಟಿ, ಕಲ್ಲಿನ ಮೇಲೆ ಹೆಸರು ಬರೆಸಿ, ಮೊದಲ ದಿನ ಮಕ್ಕಳೊಂದಿಗೆ ಫೋಟೋ ತೆಗೆಸಿಕೊಂಡು ಹೋದವರು ಮತ್ತೆ ಬಂದಿಲ್ಲ. ಅವುಗಳಲ್ಲಿ ಒಂದನ್ನು ಅಕ್ಕನಿಗೆ ಕೊಡೋಣ, ಸದಸ್ಯಳಾಗಿ, ಅವರದೇ ಹೆಸರಿನಲ್ಲಿ ಎಂದೆ. ಸಭೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಮಾತಾಡಿದರು.

ಬಂದ ಆಕ್ಷೇಪಣೆಗಳನ್ನು ನಾನು ಮರೆಮಾಚುವುದಿಲ್ಲ. ಕೆಲವು ನ್ಯಾಯವಾದವೇ. ನೀರಿನ ಖರ್ಚು, ಬೇಲಿಯ ಖರ್ಚು ಯಾರು ಕೊಡುತ್ತಾರೆ ಎಂದರು. ಒಂದು ಪಾತಿಗೆ ತಿಂಗಳಿಗೆ ಐವತ್ತು ರೂಪಾಯಿ. ಮನೆಗೆ ಬಂದು ಅಕ್ಕನಿಗೆ ಹೇಳಿದರೆ, "ಐವತ್ತಾದ್ರೆ ನಾನೇ ಕೊಡ್ತೀನಿ ಬುಡಿ, ಅದುಕ್ಕೇನಂತೆ" ಎಂದರು. ಬಿಟ್ಟಿ ಕೇಳಿದವರು ಅವರಲ್ಲ. ಇವತ್ತು ಒಬ್ಬಳು ಬಂದರೆ ನಾಳೆ ಹತ್ತು ಜನ ಬರುತ್ತಾರೆ ಎಂದರು. ಬರಲಿ, ಒಂಬತ್ತು ಪಾತಿ ಖಾಲಿ ಇವೆ. ಹತ್ತನೆಯವರಿಗೆ ನನ್ನದರಲ್ಲಿ ಅರ್ಧ. ಬೆಳೆದದ್ದನ್ನು ಮಾರಿಕೊಳ್ಳುತ್ತಾಳೆ ಎಂದರು. ಅರವತ್ತು ಚದರಡಿಯಲ್ಲಿ ಬೆಳೆದು ಮಾರಿ ಬಂಗಲೆ ಕಟ್ಟಿಸುತ್ತಾಳೆಯೇ? ಮಾರಿದರೂ ಕೊಳ್ಳುವವರು ನಾವೇ ತಾನೆ, ಅದೂ ಎರಡು ಹೆಜ್ಜೆ ದೂರದಲ್ಲಿ, ಆಗ ತಾನೇ ಕಿತ್ತದ್ದು.

ಇನ್ನೊಂದು ಮಾತು ಬಂತು, ಅದು ಬಂದದ್ದು ಹೆಂಗಸರ ಸಾಲಿನಿಂದ. "ಮೇಡಂ, ಅವರನ್ನೆಲ್ಲ ಒಳಗೆ ಬಿಟ್ಟರೆ ನಮ್ಮ ಪಾತಿಯದೂ ಕಿತ್ತುಕೊಂಡು ಹೋಗ್ತಾರೆ ಅಷ್ಟೆ." ಇದನ್ನು ಹೇಳಿದವರ ಮನೆಯ ಬೀಗದ ಕೈ ತುಳಸಿಕಟ್ಟೆಯ ಗೂಡಿನಲ್ಲಿರುತ್ತದೆ. ಅವರು ಊರಿಗೆ ಹೋದಾಗ ಬಾಗಿಲು ತೆಗೆದು, ಕಸ ಗುಡಿಸಿ, ದೇವರ ಮುಂದೆ ನೀರಿಟ್ಟು ಬರುವವರು ಇದೇ ಅಕ್ಕ. ಒಡವೆಯಿರುವ ಮನೆಯ ಬೀಗದ ಕೈ ಕೊಡಬಹುದು, ಮೆಂತ್ಯ ಸೊಪ್ಪಿರುವ ಗೇಟಿನ ಬೀಗದ ಕೈ ಕೊಡಬಾರದು! ಸಹೋದರಿಯರೇ, ನೀವೇ ಹೇಳಿ, ಇದು ಕಳ್ಳತನದ ಭಯವೇ? ಗುಡಿಸಲು ಬಂದವಳು ಗುಡಿಸುವವಳಾಗಿ ಬಂದರೆ ನಮಗೆ ಭಯವಿಲ್ಲ. ಪಕ್ಕದ ಪಾತಿಯಲ್ಲಿ ನಮ್ಮ ಹಾಗೆಯೇ ಕುಕ್ಕರಗಾಲಲ್ಲಿ ಕೂತು, ನಮಗಿಂತ ಚೆನ್ನಾಗಿ ಬೆಳೆದು ತೋರಿಸಿದರೆ ಆಗ ಕಿರಿಕಿರಿ.

ಕೊನೆಯದಾಗಿ ಕಾರ್ಯದರ್ಶಿಗಳು ಎದ್ದು, ಇದು ಮಾಲೀಕರ ಸಂಘ, ಬೈಲಾದಲ್ಲಿ ಅವಕಾಶವಿಲ್ಲ ಎಂದರು. ಹಾಗಾದರೆ ನಾನೂ ಮಾಲೀಕಳಲ್ಲವಲ್ಲ ಎಂದೆ. "ನೀವು ಸಾರ್ ಪರವಾಗಿ ಬಂದಿದ್ದೀರಿ ಮೇಡಂ" ಎಂದು ನಕ್ಕರು. ಎಲ್ಲರೂ ನಕ್ಕರು. ನಮ್ಮ ಯಜಮಾನರೂ ನಕ್ಕರು. ಅವರ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ. ಆದರೆ ನಿಂತು ಯೋಚಿಸಿದರೆ ಅದರಲ್ಲಿ ನಗುವಂಥದ್ದೇನಿದೆ? ಬಾಡಿಗೆಗಿರುವ ಎಳೆಯ ದಂಪತಿಗಳು ಎಷ್ಟು ಜನರಿಲ್ಲ ನಮ್ಮಲ್ಲಿ? ಅವರಿಗೂ ಇದೇ ಉತ್ತರ. ಬಡಾವಣೆಯ ನಕ್ಷೆಗೆ ಮಂಜೂರಾತಿ ಪಡೆಯುವಾಗ ಉದ್ಯಾನಕ್ಕೆಂದು, ಬಯಲಿಗೆಂದು ಬಿಡಬೇಕಾದ ಜಾಗ ಸಾರ್ವಜನಿಕರದು, ನಿವೇಶನ ಕೊಂಡವರ ಪಾಲಿನ ಆಸ್ತಿಯಲ್ಲ. ಅಂಥ ಜಾಗಗಳನ್ನು ಕಾಯಲೆಂದೇ ರಾಜ್ಯದಲ್ಲಿ 1985ರ ಕಾಯಿದೆಯಿದೆ. ಬೇಲಿ ಹಾಕಿದ್ದು ದನ ಬಾರದಿರಲೆಂದು. ಹಾಕಿದ ಮೇಲೆ ಅದರ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರೇ ನೆಲದ ಒಡೆಯರಾಗಿಬಿಡುತ್ತಾರೆಯೆ?

ಇಂಥ ಹಂಚಿಕೆಯ ತೋಟಗಳು ಬೇರೆ ದೇಶಗಳಲ್ಲಿ ನೂರೈವತ್ತು ವರ್ಷಗಳಿಂದ ಇವೆ. ಇಂಗ್ಲೆಂಡಿನಲ್ಲಿ 1908ರಲ್ಲಿ ಒಂದು ಕಾಯಿದೆ ಬಂತು. ಊರಿನ ಆರು ಜನ ಮತದಾರರು ಸೇರಿ ನಮಗೆ ತರಕಾರಿ ಬೆಳೆಯಲು ನೆಲ ಬೇಕೆಂದು ಬರೆದುಕೊಟ್ಟರೆ ಅಲ್ಲಿಯ ಸ್ಥಳೀಯ ಸಂಸ್ಥೆ ಅದನ್ನು ಪರಿಶೀಲಿಸಲೇಬೇಕು. ಮತದಾರರು ಎಂಬ ಮಾತನ್ನು ಗಮನಿಸಿ. ಮನೆಯುಳ್ಳವರು ಎಂದಲ್ಲ. ನೆಲವಿಲ್ಲದ ಕೂಲಿಗಾರರಿಗೆಂದೇ ಹುಟ್ಟಿದ ಏರ್ಪಾಡು ಅದು. ಅಲ್ಲಿಯ ಒಂದು ಪಾಲೆಂದರೆ ಸುಮಾರು 250 ಚದರ ಮೀಟರು, ನಮ್ಮ ಮೂವತ್ತು-ನಲವತ್ತರ ಎರಡು ನಿವೇಶನಕ್ಕಿಂತ ಹೆಚ್ಚು! ಬಿತ್ತದೆ ಬಿಟ್ಟವರಿಗೆ ನೋಟೀಸು ಹೋಗುತ್ತದೆ, ಪಾಲು ಮುಂದಿನವರಿಗೆ ಹೋಗುತ್ತದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 1864ರಲ್ಲಿ ಒಬ್ಬ ಶಾಲೆಯ ಮುಖ್ಯೋಪಾಧ್ಯಾಯರು ಮಕ್ಕಳ ಆಟದ ಬಯಲಿಗಾಗಿ ಸಂಘ ಕಟ್ಟಿದರು. ಇನ್ನೊಬ್ಬ ಮೇಷ್ಟ್ರು ಅದರ ಅಂಚಿನಲ್ಲಿ ಮಕ್ಕಳಿಗೆ ಪಾತಿ ಮಾಡಿಸಿದರು. ಮಕ್ಕಳಿಗೆ ಬೇಸರ ಬಂತು, ತಂದೆತಾಯಿಗಳು ಗುದ್ದಲಿ ಹಿಡಿದರು, ಅದೇ ದೊಡ್ಡ ಚಳವಳಿಯಾಯಿತು. ನಮ್ಮಲ್ಲಿ ಫೋಟೋ ತೆಗೆಸಿಕೊಂಡವರಿಗೆ ಬೇಸರ ಬಂದಿದೆ, ಗುದ್ದಲಿ ಹಿಡಿಯಬಲ್ಲವರು ಬೇಲಿಯಾಚೆ ನಿಂತಿದ್ದಾರೆ.

ಹೊರದೇಶದ ಮಾತು ಬೇಡವೆನ್ನುವವರಿಗೆ ನಮ್ಮೂರಿನದೇ ಮಾತಿದೆ. ಮೈಸೂರಿನಿಂದ ಹುಣಸೂರಿನ ಕಡೆಗೆ ಹದಿನೈದು ಕಿಲೋಮೀಟರಿನಲ್ಲಿರುವ ಈ ಇಲವಾಲದ ಹೆಸರು ದೇಶಕ್ಕೆಲ್ಲ ಕೇಳಿಸಿದ ಎರಡು ದಿನಗಳಿವೆ: 1957ರ ಸೆಪ್ಟೆಂಬರ್ 21 ಮತ್ತು 22. ವಿನೋಬಾ ಭಾವೆಯವರ ಗ್ರಾಮದಾನದ ವಿಚಾರ ಚರ್ಚಿಸಲು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ, ಜಯಪ್ರಕಾಶ ನಾರಾಯಣ್, ಆಗಷ್ಟೇ ಕೇರಳದ ಮುಖ್ಯಮಂತ್ರಿಯಾಗಿದ್ದ ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. ನಂಬೂದಿರಿಪಾಡ್ ಎಲ್ಲರೂ ಪಕ್ಷಭೇದ ಬಿಟ್ಟು ಇಲ್ಲಿ ಸೇರಿದ್ದರು. ನೆಲ ಒಬ್ಬೊಬ್ಬರದಾಗದೆ ಊರಿನದಾಗಲಿ, ಇಲ್ಲದವನಿಗೂ ಪಾಲು ಸಿಗಲಿ ಎಂಬ ವಿಚಾರಕ್ಕೆ ಬೆಂಬಲ ಹೇಳಿ ಎದ್ದರು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ನೆಲವಿಲ್ಲದ ದಲಿತ ಕುಟುಂಬಗಳು ಎಂಬತ್ತು ಎಕರೆ ಕೇಳಿದಾಗ ಒಬ್ಬರು ನೂರು ಎಕರೆ ಕೊಟ್ಟಿದ್ದರಿಂದ ಹುಟ್ಟಿದ ಚಳವಳಿ ಅದು. ಅದು ಪೂರ್ತಿ ಗೆದ್ದಿತೆಂದು ನಾನು ಹೇಳುವುದಿಲ್ಲ. ದಾನ ಬಂದ ನೆಲದಲ್ಲಿ ಎಷ್ಟೋ ಕಲ್ಲುಗುಡ್ಡ, ಎಷ್ಟೋ ಹಂಚದೆಯೇ ಉಳಿದದ್ದು. ದಾನ ಎಂಬ ಮಾತೂ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ. ಆದರೂ ಒಂದು ಲೆಕ್ಕ ಹೇಳುತ್ತೇನೆ. ಆಮೇಲೆ ಬಂದ ಸುಲಭ ಗ್ರಾಮದಾನದಲ್ಲಿ ಭೂಮಿಯಿಲ್ಲದವರಿಗೆ ವಿನೋಬಾ ಕೇಳಿದ್ದು ಇಪ್ಪತ್ತರಲ್ಲಿ ಒಂದು ಪಾಲು. ನಾನು ಕೇಳುತ್ತಿರುವುದು ಇಪ್ಪತ್ತನಾಲ್ಕರಲ್ಲಿ ಒಂದು. ವಿನೋಬಾರಿಗಿಂತ ನಾನು ಅಗ್ಗದವಳು.

ಕಳೆದ ಆಗಸ್ಟಿನಲ್ಲಿ ಇನ್ನೊಂದು ತಮಾಷೆಯಾಯಿತು. ಅದಕ್ಕೆ ಹಿಂದಿನ ಜನವರಿಯಲ್ಲಿ, ನಾನಿನ್ನೂ ಸೇರುವ ಮೊದಲು, ಸಂಘದವರು ಉತ್ಸಾಹದಿಂದ ಎಲ್ಲರಿಗೂ ನಾಟಿ ಅವರೆಬೀಜ ಹಂಚಿದ್ದರಂತೆ. ಬಳ್ಳಿ ಬೇಲಿ ತುಂಬ ಹಬ್ಬಿತು, ಒಂದು ಕಾಯಿಯೂ ಇಲ್ಲ. ಬೀಜವೇ ಮೋಸವೆಂದು ತೀರ್ಮಾನಿಸಿ ಬಳ್ಳಿ ಕಿತ್ತೆಸೆದಿದ್ದರು. ಅಕ್ಕ ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕರು. ನಮ್ಮ ಹಳೆಯ ಸೊಗಡಿನ ಅವರೆ ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವುದು. ಬೇಸಿಗೆಯ ಉದ್ದ ಹಗಲಿನಲ್ಲಿ ಅದು ಬರೀ ಎಲೆ. ವರ್ಷವಿಡೀ ಕಾಯಿ ಬೇಕಾದರೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯ ತೆಗೆದ ತಳಿಗಳಿವೆ, ಅದು ಬೇರೆ ಮಾತು. ಸೊಗಡು ಬೇಕಾದರೆ ಆಗಸ್ಟಿನ ಹೊತ್ತಿಗೆ ಹಾಕಿ ಚಳಿ ಬರುವವರೆಗೆ ಕಾಯಬೇಕು. ಅಕ್ಕ ಕೊಟ್ಟ ಬೀಜವನ್ನು ನಾನು ಬೇಲಿಯ ಬುಡದಲ್ಲಿ ಹಾಕಿದೆ. ಡಿಸೆಂಬರಿನಲ್ಲಿ ಹದಿನೇಳನೆಯ ಪಾತಿಯ ಬೇಲಿ ತುಂಬ ಕಾಯಿ. ಸಂಘದ ಎಲ್ಲ ಮನೆಗೂ ಒಂದೊಂದು ಹಿಡಿ ಕಳಿಸಿದೆ, ಆ ಹಿರಿಯರ ಮನೆಗೂ. ಹಿತಕಿದಬೇಳೆ ಸಾರು ಬಹಳ ಚೆನ್ನಾಗಿತ್ತು ಎಂದು ಅವರ ಶ್ರೀಮತಿ ಹೇಳಿದರು. ಬೀಜ ಯಾರದೆಂದು ನಾನು ಹೇಳಿದೆ. ಅವರು ಮಾತು ಬದಲಿಸಿದರು.

ನಮ್ಮ ಸದಸ್ಯರಲ್ಲಿ ಹಲವರು ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಸಹಜ ಸಮೃದ್ಧದವರು ಮಾಡುವ ಗೆಡ್ಡೆಗೆಣಸಿನ ಮೇಳಕ್ಕೆ ತಪ್ಪದೆ ಹೋಗುವವರು. ಅಲ್ಲಿ ಹಳ್ಳಿಯಿಂದ ಬಂದ ಹೆಂಗಸರ ಮುಂದೆ ನಿಂತು ಇದು ಹೇಗೆ ಬೆಳೆಯುತ್ತೀರಿ, ಅದು ಹೇಗೆ ಕಾಪಾಡುತ್ತೀರಿ ಎಂದು ಎಷ್ಟು ಅಕ್ಕರೆಯಿಂದ ಕೇಳುತ್ತಾರೆ! ಬೀಜ ಕೊಂಡು, ಅವರ ಜೊತೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಅದೇ ವಿದ್ಯೆ ದಿನಾ ಬೆಳಿಗ್ಗೆ ಆರೂವರೆಗೆ ಹಿಂಬಾಗಿಲಿನಿಂದ ಬಂದು ಪಾತ್ರೆ ತೊಳೆದು ಹೋಗುತ್ತಿದೆ.

ಹೊಸದಾಗಿ ಇಂಥ ತೋಟಗಳಿಗೆ ಸೇರುವ ಹೆಂಗಸರಿಗೆ ನನ್ನದೊಂದು ಕೋರಿಕೆ. ಮೊದಲು ನಿಯಮಾವಳಿಯನ್ನು ಓದಿ. ಗೊಬ್ಬರದ ಲೆಕ್ಕ, ನೀರಿನ ಲೆಕ್ಕಕ್ಕೆ ಮೊದಲು ಯಾರ ಹೆಸರಲ್ಲಿ ರಸೀದಿ ಎಂದು ನೋಡಿ. ನಿಮ್ಮ ಹೆಸರಿಲ್ಲದಿದ್ದರೆ ಮೊದಲ ದಿನವೇ ಕೇಳಿ. ನಾನು ಕೇಳದೆ ಒಳಗೆ ಹೋದವಳು, ಅದಕ್ಕೇ ಆಮೇಲೆ ಬೇರೆಯವರಿಗಾಗಿ ಕೇಳುವಾಗ ನಗೆಪಾಟಲಾದೆ. ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಮೆಂತ್ಯ ಸಾಕು ಶುರುವಿಗೆ. ಕಿತ್ತೆಸೆಯುವ ಮೊದಲು ಯಾರನ್ನಾದರೂ ಕೇಳಿ, ಇದು ಕಳೆಯೋ ಸೊಪ್ಪೋ ಎಂದು. ಕೇಳಬೇಕಾದವರು ಬಹುಶಃ ನಿಮ್ಮ ಅಡುಗೆಮನೆಯಲ್ಲೇ ಇರುತ್ತಾರೆ.

ಸಭೆಯಲ್ಲಿ ವಿಷಯವನ್ನು 'ಮುಂದಿನ ಪರಿಶೀಲನೆಗೆ' ಇಟ್ಟರು. ಆಮೇಲೆ ಎರಡು ಸಭೆಗಳಾದವು, ಅದು ಅಲ್ಲಿಯೇ ಇದೆ. ಸದ್ಯಕ್ಕೆ ನಿಯಮದಲ್ಲೊಂದು ಕಿಂಡಿ ಸಿಕ್ಕಿದೆ: ಸದಸ್ಯರು ಜೊತೆಯಲ್ಲಿದ್ದರೆ 'ಸಹಾಯಕರು' ಒಳಬರಬಹುದು. ಆದ್ದರಿಂದ ಭಾನುವಾರ ನಾನು ಮುಂದೆ, ಅಕ್ಕ ಹಿಂದೆ. ಒಳಗೆ ಹೋದ ಮೇಲೆ ಅಕ್ಕ ಮುಂದೆ, ನಾನು ಹಿಂದೆ. ನಾನು ಶಾಲೆಯಿಂದ ತಡವಾಗಿ ಬಂದ ದಿನ ಅವರು ಗೇಟಿನ ಹೊರಗಿನ ಕಲ್ಲಿನ ಮೇಲೆ ಕೂತು ಕಾಯುತ್ತಾರೆ, ತಮ್ಮಪ್ಪನ ಹೊಲದ ಅಂಚಿನಲ್ಲಿ.

ಹೋದ ವಾರ ನಾನು ಅರ್ಜಿಯೊಂದನ್ನು ತಂದು ಅಕ್ಕನ ಮುಂದಿಟ್ಟೆ. ಯಾರೂ ಕೇಳಿಯೇ ಇಲ್ಲವೆಂದು ನಾಳೆ ಹೇಳಬಾರದಲ್ಲ. ಹೆಸರು, ವಯಸ್ಸು ಬರೆದೆ. 'ಮನೆ ಮಾಲೀಕರ ಹೆಸರು' ಎಂಬಲ್ಲಿ ಪೆನ್ನು ನಿಂತಿತು. ಏನು ಬರೆಯಲಿ ಎಂದು ಕೇಳಿದೆ. ಅಕ್ಕ ಸ್ವಲ್ಪ ಯೋಚಿಸಿ, "ನಮ್ಮಪ್ಪಾಜಿ ಹೆಸರು ಬರೀರಿ" ಎಂದರು. ಬರೆದೆ. ಐವತ್ತು ರೂಪಾಯಿ ಜೊತೆಗಿಟ್ಟು ಕಾರ್ಯದರ್ಶಿಗಳ ಕೈಯಲ್ಲೇ ಕೊಟ್ಟು ಬಂದೆ. ರಸೀದಿ ಇನ್ನೂ ಬಂದಿಲ್ಲ. ಯುಗಾದಿ ಹತ್ತಿರ ಬಂತು, ಅಶ್ವಿನಿ ಮಳೆ ಬಿದ್ದರೆ ನೆಲ ಹದಕ್ಕೆ ಬರುತ್ತದೆ. ಮುಂದಿನ ಸಭೆ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಅಕ್ಕ ಅವತ್ತು ಮೂರು ಮನೆಗಳಿಗೆ ಅರ್ಧ ದಿನ ರಜಾ ಹೇಳಿದ್ದಾರೆ.